ನಂಬಿಕೆ ಸಾಕಾ, ಕ್ರಿಯೆಯೂ ಬೇಕಾ? ಓದುಗರ ನಾಲ್ಕು ಕಾಗದಗಳು

ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತವೆ. ಮನುಷ್ಯನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುವುದು ನಂಬಿಕೆಯಿಂದಲೋ, ಮಾಡಿದ ಒಳ್ಳೆಯ ಕೆಲಸದಿಂದಲೋ? ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲದ ಜಾಗವೆಲ್ಲ ಇದಕ್ಕೇ ಕೊಡುತ್ತಿದ್ದೇನೆ. ನಾಲ್ವರಿಗೂ ಒಂದೇ ಉತ್ತರ ಬರೆದಿಲ್ಲ. ಮೂವತ್ತೆಂಟು ವರ್ಷ ಸಭಾಪಾಲಕನಾಗಿದ್ದು ನಾನು ಕಲಿತದ್ದು ಇಷ್ಟು: ಈ ಪ್ರಶ್ನೆ ಬಂದಾಗ ಮೊದಲು ಕೇಳಿದವರ ಮುಖ ನೋಡಬೇಕು. ಹೆದರಿ ಕೇಳುವವರಿದ್ದಾರೆ. ತಪ್ಪಿಸಿಕೊಳ್ಳಲು ಕೇಳುವವರಿದ್ದಾರೆ. ಜಗಳ ಗೆಲ್ಲಲು ಕೇಳುವವರೂ ಇದ್ದಾರೆ.

ಪ್ರಶ್ನೆ: ಅಯ್ಯನವರೇ, ನಾನು ಹುಟ್ಟಿದ್ದು ಕ್ಯಾಥೊಲಿಕ್ ಮನೆಯಲ್ಲಿ, ಮದುವೆಯಾಗಿ ಬಂದದ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟಂಟ್ ಸಭೆ) ಮನೆಗೆ. ನಮ್ಮಮ್ಮ ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ತಪ್ಪದೆ ಹೋಗುತ್ತಾರೆ. ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ಮುಗಿಸಿ ಬಂದು ಬೀದಿಯವರಿಗೆಲ್ಲ ಊಟ ಹಾಕುತ್ತಾರೆ. ಈ ಸಲ ನಮ್ಮ ಮಾವ, "ನಿಮ್ಮಮ್ಮ ಅನ್ನ ಹಾಕಿ ಸ್ವರ್ಗ ಕೊಂಡುಕೊಳ್ಳುತ್ತಾರಾ? ನಂಬಿಕೆ ಒಂದೇ ಸಾಕು" ಅಂದರು. ನಾನೂ ಸುಮ್ನಿರಲಿಲ್ಲ. "ನಿಮ್ಮ ಕಡೆ ನಂಬಿದ್ದೀವಿ ಅಂದುಬಿಟ್ಟರೆ ಆಯ್ತು, ಕೈ ಅಲ್ಲಾಡಿಸಬೇಕಾಗಿಲ್ಲ" ಅಂದೆ. ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲ. ಯಾರು ಸರಿ?
– ಓದುಗರೊಬ್ಬರು, ಕಾಕ್ಸ್ ಟೌನ್

ತಾಯಿ, ಇಬ್ಬರೂ ಎದುರು ಮನೆಯ ಬಗ್ಗೆ ಹೇಳಿದ್ದು ತಪ್ಪು. ಬೇಜಾರಾಗಬೇಡಿ. ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ, ರಾತ್ರಿ ಊಟಕ್ಕೆ ಕೂತಾಗ ಮಾವನವರಿಗೂ ಓದಿ ಹೇಳಿ.

1517ರಲ್ಲಿ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಪಾಠ ಹೇಳುತ್ತಿದ್ದ ಮಾರ್ಟಿನ್ ಲೂಥರ್ ಅನ್ನುವ ಸನ್ಯಾಸಿ 95 ವಾದಗಳನ್ನು ಮುಂದಿಟ್ಟರು. ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ಹೇಳಿ ಆಗ ದುಡ್ಡಿಗೆ ಕ್ಷಮೆಯ ಚೀಟಿ ಮಾರುತ್ತಿದ್ದರು, ಆ ವಾದಗಳು ಅದರ ವಿರುದ್ಧ. ರೋಮಿನ ಸೇಂಟ್ ಪೀಟರ್ ದೇವಾಲಯ ಕಟ್ಟುವುದಕ್ಕೂ ಆ ದುಡ್ಡು ಹೋಗುತ್ತಿತ್ತು. ಆದರೆ ಲೂಥರ್ ಅವರ ಸಂಕಟ ಇನ್ನೂ ಆಳದ್ದು. ಮಠದಲ್ಲಿ ಎಷ್ಟು ಉಪವಾಸ ಮಾಡಿದರೂ, ಎಷ್ಟು ಸಲ ಪಾಪನಿವೇದನೆ ಮಾಡಿದರೂ, 'ಇಷ್ಟು ಸಾಕಾ?' ಅನ್ನುವ ಭಯ ಅವರನ್ನು ಬಿಟ್ಟಿರಲಿಲ್ಲ. ಯೇಸುವಿನ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರಿಕೆಯನ್ನು ಮತ್ತೆ ಮತ್ತೆ ಓದಿದಾಗ ಅವರಿಗೆ ಹೊಳೆಯಿತು: ದೇವರ ನೀತಿ ಅಂದರೆ ದೇವರು ನಮಗೆ ಪುಕ್ಕಟೆ ಕೊಡುವ ವರ. ಅಲ್ಲಿಗೆ ಭಯ ಬಿಟ್ಟಿತು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ರೋಮಾಪುರ 3:28ರಲ್ಲಿ ಗ್ರೀಕ್ ಮೂಲದಲ್ಲಿಲ್ಲದ 'ಮಾತ್ರ' ಅನ್ನುವ ಮಾತನ್ನು ಸೇರಿಸಿದರು. ನಂಬಿಕೆಯಿಂದ ಮಾತ್ರ. ಮಾವನವರ ಬಾಯಲ್ಲಿ ಬಂದ 'ಒಂದೇ' ಅಲ್ಲಿಯದು.

ಆದರೆ ಅದೇ ವರ್ಷ, ಅದೇ ರೋಮಾಪುರದ ಪತ್ರಿಕೆಗೆ ಲೂಥರ್ ಒಂದು ಮುನ್ನುಡಿ ಬರೆದರು. ಅದನ್ನು ನಮ್ಮ ಕಡೆಯವರು ಓದುವುದು ಕಡಿಮೆ. ನಂಬಿಕೆ ಜೀವ ಇರುವಂಥದ್ದು, ಅದಕ್ಕೆ ಸುಮ್ಮನೆ ಕೂತು ಗೊತ್ತಿಲ್ಲ, ಒಳ್ಳೆಯದು ಮಾಡಬೇಕಾ ಅಂತ ಕೇಳುವ ಮೊದಲೇ ಅದು ಮಾಡಿ ಮುಗಿಸಿರುತ್ತದೆ ಅನ್ನುವುದು ಅದರ ಸಾರ. ಕೈ ಅಲ್ಲಾಡಿಸದ ನಂಬಿಕೆಯನ್ನು ಲೂಥರ್ ಯಾವತ್ತೂ ಕಲಿಸಲಿಲ್ಲ.

ಇನ್ನು ನಿಮ್ಮ ತವರಿನ ಕಡೆ ಬರೋಣ. ಲೂಥರ್ ಎತ್ತಿದ ಪ್ರಶ್ನೆಗಳಿಗೆ ಉತ್ತರ ಕೊಡಲು ಕ್ಯಾಥೊಲಿಕ್ ಸಭೆ ಟ್ರೆಂಟ್ ಅನ್ನುವ ಊರಲ್ಲಿ ಮಹಾಸಭೆ ಸೇರಿತು. 1547ರ ಜನವರಿಯಲ್ಲಿ ಈ ವಿಷಯದ ತೀರ್ಮಾನ ಬಂತು. ಅದರ ಮೊದಲನೇ ನಿಯಮ ಏನು ಗೊತ್ತಾ? ಕ್ರಿಸ್ತನ ಕೃಪೆ ಇಲ್ಲದೆ ಬರೀ ತನ್ನ ಕ್ರಿಯೆಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಹುದು ಅನ್ನುವವನಿಗೆ ಬಹಿಷ್ಕಾರ. ಅಂದಮೇಲೆ ಅನ್ನ ಹಾಕಿ ಸ್ವರ್ಗ ಕೊಳ್ಳುವುದು ಕ್ಯಾಥೊಲಿಕ್ ಬೋಧನೆಯೇ ಅಲ್ಲ. ಹಾಗಂತ ಟ್ರೆಂಟ್ ಲೂಥರ್ ಮಾತನ್ನು ಒಪ್ಪಲೂ ಇಲ್ಲ. ಕೃಪೆ ಬಂದಾಗ ಮನುಷ್ಯನ ಮನಸ್ಸೂ ಅದರ ಜೊತೆ ಕೈಜೋಡಿಸಬೇಕು, ಅದು ಬೇಡವೇ ಬೇಡ ಅನ್ನುವ ಅರ್ಥದಲ್ಲಿ 'ನಂಬಿಕೆ ಮಾತ್ರ' ಅನ್ನಬಾರದು ಅಂತ ಹೇಳಿತು. ಆಮೇಲೆ ನಾನೂರೈವತ್ತು ವರ್ಷ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತರು. ನಿಮ್ಮ ಮನೆಯ ಮೂರು ದಿನ ಏನೂ ಅಲ್ಲ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಸಭೆಯವರೂ ಲೂಥರನ್ ಸಭೆಗಳ ವಿಶ್ವ ಒಕ್ಕೂಟದವರೂ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಬರೀ ಕೃಪೆಯಿಂದ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಸೇರಿಸಿಕೊಳ್ಳುತ್ತಾನೆ, ಪವಿತ್ರಾತ್ಮನು ನಮ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆಯ ಕೆಲಸಕ್ಕೆ ಕರೆಯುತ್ತಾನೆ ಅಂತ ಅದರಲ್ಲಿದೆ. 2006ರಲ್ಲಿ ಮೆಥಡಿಸ್ಟರು ಅದಕ್ಕೆ ಸೇರಿದರು, 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಸೇರಿದವು. 1947ರಲ್ಲಿ ಹಲವು ಸಭೆಗಳು ಕೂಡಿ ಆದ ನಮ್ಮ ಸಿಎಸ್‌ಐನ ಬೇರುಗಳಲ್ಲಿ ಇವರಿಬ್ಬರೂ ಇದ್ದಾರೆ. ಎಲ್ಲ ಭೇದವೂ ಮುಗಿದಿಲ್ಲ. ಸಂತರ ಬಿನ್ನಹ, ಸತ್ತ ಮೇಲಿನ ಶುದ್ಧೀಕರಣ ಇಂಥ ವಿಷಯಗಳಲ್ಲಿ ಇನ್ನೂ ಒಮ್ಮತ ಇಲ್ಲ. ಆದರೆ ನಿಮ್ಮ ಮನೆಯ ಜಗಳದ ವಿಷಯ ಮಾತ್ರ ಆಗ್ಸ್‌ಬರ್ಗಿನಲ್ಲೇ ಬಗೆಹರಿದಿದೆ.

ಈಗ ಗ್ರಂಥ ತೆಗೆಯಿರಿ. ಎಫೆಸದವರಿಗೆ ಬರೆದ ಪತ್ರಿಕೆ, ಎರಡನೇ ಅಧ್ಯಾಯ, 8, 9, 10ನೇ ವಚನ. ನಮ್ಮ ಕಡೆಯವರು 8 ಮತ್ತು 9ನ್ನು ಬಾಯಿಪಾಠ ಮಾಡಿ ಅಲ್ಲಿಗೆ ನಿಲ್ಲಿಸುತ್ತಾರೆ. ಸಂಡೇ ಸ್ಕೂಲಿನಲ್ಲಿ ನಾನೂ ಹಾಗೇ ಕಲಿಸಿದವನು. ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ, ಕ್ರಿಯೆಗಳಿಂದ ಆದದ್ದಲ್ಲ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಅಲ್ಲಿಗೆ ಮಕ್ಕಳಿಗೆ ಬಹುಮಾನ. ಆದರೆ ಪೌಲ 9ರಲ್ಲಿ ನಿಲ್ಲಿಸಿಲ್ಲ. 10ರಲ್ಲಿ, ಒಳ್ಳೆಯ ಕ್ರಿಯೆಗಳಿಗಾಗಿಯೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಹೊಸದಾಗಿ ಉಂಟುಮಾಡಿದ್ದಾನೆ ಅನ್ನುತ್ತಾನೆ.

ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ನೆನಪಿದೆಯಾ? ತೃತೀಯಾ 'ಇಂದ', ಚತುರ್ಥಿ 'ಗೆ'. 9ನೇ ವಚನದಲ್ಲಿ 'ಕ್ರಿಯೆಗಳಿಂದ' ಅಲ್ಲ. 10ನೇ ವಚನದಲ್ಲಿ 'ಕ್ರಿಯೆಗಳಿಗಾಗಿ' ಹೌದು. ಇಡೀ ಯೂರೋಪು ಹೊಡೆದಾಡಿದ ವಿಷಯ ನಮ್ಮ ಕನ್ನಡದ ಒಂದು ಪ್ರತ್ಯಯದಲ್ಲಿ ಕೂತಿದೆ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಓದುವಾಗ ಗ್ರೀಕ್ ಪಾಠ ಮುಗಿಸಿ ಹಾಸ್ಟೆಲಿಗೆ ಬಂದು, ಕನ್ನಡ ಬೈಬಲ್ ತೆರೆದು ಇದನ್ನು ನೋಡಿದ ಸಂಜೆ ನನಗೆ ಇನ್ನೂ ನೆನಪಿದೆ. ಖುಷಿಗೆ ನಿದ್ದೆ ಬರಲಿಲ್ಲ.

ಕೊನೆಗೆ ಒಂದು ಮಾತು. ನಿಮ್ಮ ಅಮ್ಮನನ್ನು ಕೇಳಿ, ಯಾಕಮ್ಮಾ ಊಟ ಹಾಕ್ತೀಯಾ ಅಂತ. ನಾನು ಇಂಥ ತಾಯಂದಿರನ್ನು ಬಹಳ ಜನರನ್ನು ಕೇಳಿದ್ದೇನೆ. 'ಮಗು ಬದುಕಿತಲ್ಲಾ', 'ಆ ಕಷ್ಟದಲ್ಲಿ ಕೈಬಿಡಲಿಲ್ಲವಲ್ಲಾ' ಅನ್ನುತ್ತಾರೆ. ಇದು ಕೊಳ್ಳಲು ಬಂದವರ ಮಾತಾ? ಆಗಲೇ ಸಿಕ್ಕಿಬಿಟ್ಟವರ ಮಾತು. ಮುಂದಿನ ಸೆಪ್ಟೆಂಬರಿನಲ್ಲಿ ಮಾವನವರನ್ನೂ ಬಡಿಸಲು ಕರೆದುಕೊಂಡು ಹೋಗಿ. ಸಾರಿನ ಬಕೆಟ್ಟು ಅವರ ಕೈಗೇ ಕೊಡಿ.

ಪ್ರಶ್ನೆ: ಪಾಸ್ಟರ್, ನಾನು ರಕ್ಷಣೆ ಹೊಂದಿ ದೀಕ್ಷಾಸ್ನಾನ ತೆಗೆದುಕೊಂಡು ಐದು ವರ್ಷವಾಯ್ತು. ವಾರಕ್ಕೆ ಮೂರು ದಿನ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆ. ನಮ್ಮ ಬೀದಿಯ ಕೊನೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಅಲ್ಲಿಯ ಕೆಲಸಗಾರರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡೋಣ, ಕಂಬಳಿ ಕೊಡೋಣ ಅಂತ ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ನಮ್ಮ ನೀತಿಕಾರ್ಯಗಳೆಲ್ಲ ಹೊಲಸು ಬಟ್ಟೆ ಅಂತ ಯೆಶಾಯ 64:6ರಲ್ಲಿದೆ. ಇದೆಲ್ಲ ಲೋಕದ ಕೆಲಸ ಅಲ್ವಾ?
– ಓದುಗರೊಬ್ಬರು, ಹೆಣ್ಣೂರು

ತಮ್ಮಾ, ನಿನ್ನ ಹೆಂಡತಿಯ ಮಾತು ಕೇಳು.

ನಿನಗೆ ಪೌಲನನ್ನು ನಾನು ಈಗ ಓದಿಸುವುದಿಲ್ಲ. ಅವನನ್ನು ನೀನು ಚೆನ್ನಾಗಿ ಓದಿದ್ದೀಯ. ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಓದು. ಬಟ್ಟೆಯಿಲ್ಲದ, ಅವತ್ತಿನ ಊಟಕ್ಕೂ ಗತಿಯಿಲ್ಲದ ಅಣ್ಣನಿಗೋ ಅಕ್ಕನಿಗೋ ನಿಮ್ಮಲ್ಲಿ ಒಬ್ಬನು, 'ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಾ ಉಣ್ಣಿ' ಅಂದು, ಬೇಕಾದ್ದು ಏನೂ ಕೊಡದಿದ್ದರೆ ಏನು ಪ್ರಯೋಜನ ಅಂತ ಕೇಳುತ್ತಾನೆ ಯಾಕೋಬ. 'ನಿಮಗಾಗಿ ಪ್ರಾರ್ಥನೆ ಮಾಡ್ತೀವಿ' ಅಂದು ಸ್ಕೂಟರ್ ಸ್ಟಾರ್ಟ್ ಮಾಡುತ್ತೀವಲ್ಲ, ಅದು ಇದೇ ಮಾತು. ಅಂಥ ನಂಬಿಕೆ ಸತ್ತದ್ದು ಅನ್ನುತ್ತಾನೆ. ಇನ್ನೂ ಖಾರವಾಗಿ, ದೇವರು ಒಬ್ಬನೇ ಅಂತ ದೆವ್ವಗಳೂ ನಂಬಿ ನಡುಗುತ್ತವೆ ಅನ್ನುತ್ತಾನೆ. ಒಂದು ವಿಷಯ ಗೊತ್ತಾ? ಇಡೀ ಬೈಬಲಿನಲ್ಲಿ 'ಬರೀ ನಂಬಿಕೆ' ಅನ್ನುವ ಮಾತು ಬರುವುದು ಒಂದೇ ಕಡೆ, ಯಾಕೋಬ 2:24ರಲ್ಲಿ. ಅಲ್ಲಿ ಅದರ ಮುಂದೆ 'ಅಲ್ಲ' ಅಂತ ಇದೆ.

ಯಾಕೋಬನ ಪತ್ರಿಕೆ ಲೂಥರ್ ಅವರಿಗೆ ರುಚಿಸಲಿಲ್ಲ, ನಿಜ. 1522ರಲ್ಲಿ ಅದನ್ನು ಹುಲ್ಲಿನ ಪತ್ರಿಕೆ, ಅಂದರೆ ಅಷ್ಟು ಹುರುಳಿಲ್ಲದ್ದು, ಅಂತ ಕರೆದರು. ಆದರೆ ಬೈಬಲಿನಿಂದ ಕಿತ್ತು ಹಾಕಲಿಲ್ಲ. ಆಮೇಲಿನ ಮುದ್ರಣಗಳಲ್ಲಿ ಆ ಮಾತನ್ನೇ ಬಿಟ್ಟರು.

ಪೌಲನೂ ಯಾಕೋಬನೂ ಜಗಳವಾಡುತ್ತಿದ್ದಾರಾ? ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಅಬ್ರಹಾಮನನ್ನು. ಆದರೆ ಪೌಲ ಹೇಳುವುದು ಆದಿಕಾಂಡ 15ರ ರಾತ್ರಿಯ ಕಥೆ. ಮಕ್ಕಳಿಲ್ಲದ ಮುದುಕನನ್ನು ದೇವರು ಡೇರೆಯ ಹೊರಗೆ ಕರೆದು, ನಕ್ಷತ್ರ ತೋರಿಸಿ, ನಿನ್ನ ಸಂತಾನ ಹೀಗಾಗುತ್ತದೆ ಅಂದ. ಅವನು ನಂಬಿದ. ಅಷ್ಟೇ. ದೇವರು ಅದನ್ನೇ ನೀತಿ ಅಂತ ಎಣಿಸಿದ. ಯಾಕೋಬ ಹೇಳುವುದು 22ನೇ ಅಧ್ಯಾಯದ ಕಥೆ, ಮಗನ ಬೆನ್ನಿಗೆ ಸೌದೆ ಹೊರಿಸಿ ಬೆಟ್ಟ ಹತ್ತಿದ್ದು. ಮೊದಲನೆಯದು ನಡೆದಾಗ ಅಬ್ರಹಾಮನಿಗೆ ಇನ್ನೂ 86 ಆಗಿರಲಿಲ್ಲ. ಇಸಾಕ ಹುಟ್ಟಿದ್ದೇ ಅವನಿಗೆ 100 ಆದಾಗ, ಬೆಟ್ಟ ಹತ್ತಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ನಕ್ಷತ್ರದ ಕೆಳಗೆ ಸಿಕ್ಕ ನಂಬಿಕೆ ಅಷ್ಟು ವರ್ಷ ಕಾಲಲ್ಲಿ ಇಳಿದು ಬೆಟ್ಟ ಹತ್ತಿತು. ನಂಬಿದ ರಾತ್ರಿ ಬೆಟ್ಟ ಹತ್ತು ಅಂತ ಯಾರೂ ಕೇಳಲಿಲ್ಲ. ಹತ್ತುವ ದಿನ ಬಂದಾಗ, ನಾನು ಆಗಲೇ ನಂಬಿದ್ದೀನಲ್ಲಾ ಅಂತ ಅವನೂ ಹೇಳಲಿಲ್ಲ.

ಯೆಶಾಯನನ್ನು ಹಿಡಿದುಕೊಂಡಿದ್ದೀಯ. ಒಳ್ಳೆಯದು, ಆರು ಅಧ್ಯಾಯ ಹಿಂದಕ್ಕೆ ಹೋಗು. 58ರಲ್ಲಿ ಅದೇ ಪುಸ್ತಕ ದೇವರಿಗೆ ಬೇಕಾದ ಉಪವಾಸ ಯಾವುದು ಅಂತ ಹೇಳುತ್ತದೆ: ಹಸಿದವನಿಗೆ ನಿನ್ನ ಅನ್ನ ಹಂಚುವುದು, ನೆಲೆಯಿಲ್ಲದವರನ್ನು ಮನೆಗೆ ಕರೆಯುವುದು, ಬೆತ್ತಲೆ ಇದ್ದವನಿಗೆ ಬಟ್ಟೆ ಹೊದಿಸುವುದು. ಹೊಲಸು ಬಟ್ಟೆ ಅಂತ 64ರಲ್ಲಿ ಅಳುತ್ತಿರುವುದು ಪಾಪ ಒಪ್ಪಿಕೊಳ್ಳುತ್ತಿರುವ ಜನ. ಕಂಬಳಿ ಕೊಡದೆ ಇರುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬೇಡ.

ಲಿಂಗರಾಜಪುರದಲ್ಲಿ ನಮ್ಮ ಮನೆ ಹಿಂದೆಯೂ ಕಟ್ಟಡ ಏಳುತ್ತಿದೆ. ಕೆಲಸಕ್ಕೆ ಯಾದಗಿರಿ, ರಾಯಚೂರು ಕಡೆಯವರು ಬಂದಿದ್ದಾರೆ. ತಗಡಿನ ಶೆಡ್ಡು, ಬಾಗಿಲಿಗೆ ಸಿಮೆಂಟಿನ ಚೀಲ ಹೊಲಿದ ಪರದೆ. ಡಿಸೆಂಬರಿನ ಬೆಳಿಗ್ಗೆ ಐದಕ್ಕೆ ನಾನು ಹಾಲಿಗೆ ಹೋಗುವಾಗ ಆ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಮಲಗಿದ ಮಕ್ಕಳ ಮೇಲೆ. ನೀನೂ ಒಂದು ದಿನ ಐದಕ್ಕೆ ಎದ್ದು ನಿಮ್ಮ ಬೀದಿಯ ಕೊನೆಯವರೆಗೆ ನಡೆದು ನೋಡು. ಆಮೇಲೆ ಅದು ಲೋಕದ ಕೆಲಸವೋ ಕರ್ತನ ಕೆಲಸವೋ ನನಗೆ ಬರಿ.

ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿದ್ದೀಯಲ್ಲ? ಒಂದು ಚಮಚ ಮೊಸರನ್ನು ಹಾಲು ದುಡಿದು ಸಂಪಾದಿಸುವುದಿಲ್ಲ. ಯಾರೋ ತಂದು ಹಾಕುತ್ತಾರೆ. ಆದರೆ ಬೆಳಿಗ್ಗೆ ಮುಚ್ಚಳ ತೆಗೆದಾಗ ಹಾಲು ಹಾಲಾಗೇ ಇದ್ದರೆ, ಹೆಪ್ಪಿನಲ್ಲಿ ಜೀವ ಇರಲಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಐದು ವರ್ಷವಾಯ್ತು ಅಂದೆ. ಮುಚ್ಚಳ ತೆಗೆದು ನೋಡು ತಮ್ಮಾ.

ಪ್ರಶ್ನೆ: ಪೂಜ್ಯರೇ, ನಾವು ಶ್ರೀವೈಷ್ಣವರು. ಪಕ್ಕದ ಮನೆಯ ಕ್ರೈಸ್ತ ಗೆಳೆಯರು ಈ ಪತ್ರಿಕೆ ಕೊಡುತ್ತಾರೆ, ತಪ್ಪದೆ ಓದುತ್ತೇನೆ. ನಮ್ಮಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಅಂತ ಎರಡು ಪಂಥ ಉಂಟು. ಕೋತಿಮರಿ ತಾಯಿಯನ್ನು ತಾನೇ ಅವಚಿಕೊಂಡಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ನಿಮ್ಮದು ಯಾವುದು? ಇನ್ನೊಂದು: ಜೀವನವೆಲ್ಲ ಕೊಲೆ ಸುಲಿಗೆ ಮಾಡಿದವನು ಕೊನೇ ಗಳಿಗೆಯಲ್ಲಿ ನಂಬಿದರೆ ಸ್ವರ್ಗ, ಜೀವನವೆಲ್ಲ ಧರ್ಮದಿಂದ ಬದುಕಿದ ನಮ್ಮ ತಂದೆಯಂಥವರಿಗೆ ಇಲ್ಲ, ಇದು ನ್ಯಾಯವೇ?
– ಓದುಗರೊಬ್ಬರು, ಮಲ್ಲೇಶ್ವರ

ಸ್ವಾಮಿ, ನಿಮ್ಮ ಕಾಗದ ಓದಿ ಮನಸ್ಸು ತುಂಬಿ ಬಂತು. ವಡಗಲೆ, ತೆಂಗಲೆ ಅಂತ ಎರಡು ಪಂಥವಾಗಿ ನಿಮ್ಮಲ್ಲಿ ನಡೆದ ಈ ಚರ್ಚೆಯೇ ನಮ್ಮಲ್ಲೂ ಬೇರೆ ಹೆಸರಿನಲ್ಲಿ ನಡೆದಿದೆ.

ನಾನು ಬೆಕ್ಕಿನ ಮರಿಯ ಪಕ್ಷ. ಐದನೇ ಶತಮಾನದಲ್ಲಿ ಪೆಲಾಜಿಯಸ್ ಅನ್ನುವವರು ಮನುಷ್ಯ ತನ್ನ ಬಲದಿಂದಲೇ ಪಾಪ ಬಿಟ್ಟು ಒಳ್ಳೆಯವನಾಗಬಲ್ಲ ಅಂತ ಕಲಿಸಿದರು. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಅದನ್ನು ಗಟ್ಟಿಯಾಗಿ ವಿರೋಧಿಸಿದರು. 418ರಲ್ಲಿ ಕಾರ್ತೇಜಿನ ಸಭೆ ಪೆಲಾಜಿಯಸ್ ಬೋಧನೆಯನ್ನು ತಳ್ಳಿಹಾಕಿತು. 529ರಲ್ಲಿ ಆರೆಂಜ್ ಅನ್ನುವ ಊರಿನ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಬೇಕು ಅನ್ನುವ ಮೊದಲ ಆಸೆ ಕೂಡ ದೇವರ ಕೃಪೆಯೇ ಅಂದಿತು. ಹೀಗಾಗಿ ಪೂರಾ ಕೋತಿಮರಿ ಅನ್ನುವವರು ನಮ್ಮ ದೊಡ್ಡ ಸಭೆಗಳಲ್ಲಿ ಯಾರೂ ಇಲ್ಲ. ತಾಯಿ ಕಚ್ಚಿಕೊಂಡಾಗ ಮರಿ ಕೊಸರಾಡದೆ ಇರಬೇಕಲ್ಲ, ಅದು ಮರಿಯ ಕೆಲಸವಾ ಅಲ್ಲವಾ? ನಮ್ಮಲ್ಲಿ ಉಳಿದಿರುವ ಚರ್ಚೆ ಅದರದ್ದೇ. ಬೆಕ್ಕನ್ನು ಸಾಕಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಕುತ್ತಿಗೆ ಹಿಡಿದು ಎತ್ತಿದ ಕೂಡಲೇ ಮರಿ ಕಾಲು ಮಡಚಿ ಮೆತ್ತಗಾಗುತ್ತದೆ. ಕೆಳಗೆ ಇಳಿಸಿದರೆ ತಾಯಿಯ ಹಿಂದೆಯೇ ಓಡುತ್ತದೆ. ನಂಬಿಕೆ, ಕ್ರಿಯೆ ಎರಡನ್ನೂ ನಾನು ಆ ಮರಿಯಲ್ಲೇ ಕಾಣುತ್ತೇನೆ.

ನಿಮ್ಮ ಎರಡನೇ ಪ್ರಶ್ನೆ ಕಷ್ಟದ್ದು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನ ಕಥೆ ನಿಮಗೆ ಗೊತ್ತಿರಬಹುದು. ಅವನು 'ನಮಗೆ ಆಗುತ್ತಿರುವುದು ನ್ಯಾಯವೇ' ಅಂತ ತನ್ನ ತಪ್ಪು ಒಪ್ಪಿಕೊಂಡ. ಇನ್ನೊಬ್ಬ ಕಳ್ಳನನ್ನು ತಡೆದ. ನನ್ನನ್ನು ನೆನಪು ಮಾಡಿಕೋ ಅಂತ ಯೇಸುವನ್ನು ಕೇಳಿದ. ಇವತ್ತೇ ನನ್ನ ಜೊತೆ ಪರದೈಸಿನಲ್ಲಿರುತ್ತೀ ಅಂತ ಯೇಸು ಅವನಿಗೆ ಮಾತು ಕೊಟ್ಟ. ಕೈಕಾಲಿಗೆ ಮೊಳೆ ಹೊಡೆಸಿಕೊಂಡವನು ಅದಕ್ಕಿಂತ ಜಾಸ್ತಿ ಇನ್ನೇನು ಮಾಡಿಯಾನು? ಕೊನೇ ಗಳಿಗೆಗೆ ಅಂತ ನಂಬಿಕೆಯನ್ನು ಎತ್ತಿಟ್ಟುಕೊಂಡು ಅಲ್ಲಿಯವರೆಗೆ ಸುಲಿಗೆ ಮಾಡುವವನ ಕಥೆ ಅದಲ್ಲ.

ನಿಮ್ಮ ತಂದೆಯವರ ವಿಷಯ. ನಮ್ಮಲ್ಲಿ ಈ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಕ್ರಿಸ್ತನ ಹೆಸರನ್ನು ಬಾಯಲ್ಲಿ ಹೇಳಿ ಒಪ್ಪದವರಿಗೆ ರಕ್ಷಣೆಯಿಲ್ಲ ಅನ್ನುವವರು ಇದ್ದಾರೆ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಮನಸ್ಸಾಕ್ಷಿಗೆ ನಡೆದುಕೊಂಡು ದೇವರನ್ನು ಹುಡುಕುವವರಿಗೂ ರಕ್ಷಣೆ ಸಿಗಬಹುದು ಅಂತ ಕ್ಯಾಥೊಲಿಕ್ ಸಭೆ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಹೇಳಿದೆ. ನಾನು ಮತ್ತಾಯ 25ನ್ನು ಓದುತ್ತೇನೆ. ಅಲ್ಲಿ ಅರಸನು ಬಲಗಡೆಯವರಿಗೆ, ನಾನು ಹಸಿದಿದ್ದಾಗ ಊಟ ಕೊಟ್ಟಿರಿ ಅನ್ನುತ್ತಾನೆ. ಅವರು ಬೆರಗಾಗಿ, ನಿನ್ನನ್ನು ಯಾವಾಗ ನೋಡಿದೆವು ಅಂತ ಕೇಳುತ್ತಾರೆ. ಅವರ ಹತ್ತಿರ ಲೆಕ್ಕದ ಪುಸ್ತಕ ಇರಲಿಲ್ಲ. ನಿಮ್ಮ ತಂದೆಯವರೂ ಲೆಕ್ಕ ಇಟ್ಟವರಲ್ಲ ಅಂತ ನಿಮ್ಮ ಕಾಗದದಲ್ಲೇ ಕಾಣುತ್ತದೆ. ತೀರ್ಪು ಕೊಡುವ ಕೆಲಸ ನನ್ನದಲ್ಲ, ಅದಕ್ಕೆ ನನಗೆ ಸಮಾಧಾನವೂ ಇದೆ. ಶಿಲುಬೆಯ ಮೇಲೆ ಕಳ್ಳನನ್ನು ಕರೆದವನ ಕೈಯಲ್ಲಿ ಅದು ಇದೆ. ನಾನು ಅವನನ್ನು ನಂಬುತ್ತೇನೆ. ಯಾವತ್ತಾದರೂ ಸಂಜೆ ಬನ್ನಿ, ಕೂತು ಮಾತಾಡೋಣ. ಇಷ್ಟು ದೊಡ್ಡದಕ್ಕೆ ಒಂದು ಅಂಕಣ ಸಾಲದು.

ಪ್ರಶ್ನೆ: ಅಯ್ಯನವರೇ, ನನಗೆ 84. ಹಾಸಿಗೆ ಹಿಡಿದು ಎರಡು ವರ್ಷವಾಯ್ತು. ಮೊದಲು ಸ್ತ್ರೀಯರ ಕೂಟ, ಹಾಡು, ಆಸ್ಪತ್ರೆ ಭೇಟಿ ಅಂತ ಓಡಾಡಿಕೊಂಡಿದ್ದೆ. ಈಗ ಚಮಚ ಹಿಡಿಯಲೂ ಕೈ ಬರಲ್ಲ. ಇದನ್ನು ಬರೆಯುತ್ತಿರುವುದು ನನ್ನನ್ನು ನೋಡಿಕೊಳ್ಳುವ ಹುಡುಗಿ. ಗಂಜಿ ಕುಡಿಸುವುದೂ ಅವಳೇ. ರಾತ್ರಿ ನಿದ್ದೆ ಬರಲ್ಲ. ದೇವರು ಕೇಳಿದರೆ ತೋರಿಸಲು ನನ್ನ ಕೈಯಲ್ಲಿ ಏನಿದೆ ಅಂತ ಭಯ.
– ಓದುಗರೊಬ್ಬರು, ಫ್ರೇಜರ್ ಟೌನ್

ಅಮ್ಮಾ, ಮೇಲೆ ಆ ಹುಡುಗನಿಗೆ ಬರೆದದ್ದು ನಿಮಗಲ್ಲ. ಅದನ್ನು ಓದಿ ಹೇಳಿದ್ದರೆ ಮರೆತುಬಿಡಿ.

ಒಂದು ತಪ್ಪು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು. ನಾನು ಹೊಸದಾಗಿ ಸಭೆಗೆ ಬಂದ ಕಾಲ. ನಮ್ಮ ಸಭೆಯ ಒಬ್ಬ ದರ್ಜಿ, ಎಪ್ಪತ್ತು ದಾಟಿದವರು, ಆಸ್ಪತ್ರೆಯಲ್ಲಿದ್ದರು. ನಾನು ಹೋಗಿ ಸ್ಟೂಲಿನ ಮೇಲೆ ಕೂತೆ. ಅವರು ನನ್ನ ಕೈ ಹಿಡಿದು, "ಅಯ್ಯನವರೇ, ನಾನು ಏನೂ ಮಾಡಲಿಲ್ಲ" ಅಂದರು. ಅವರಿಗೆ ಸಮಾಧಾನ ಹೇಳಬೇಕು ಅಂತ ನಾನು, "ಹಾಗನ್ನಬೇಡಿ, ಗಾಯನ ತಂಡಕ್ಕೆಲ್ಲ ಪುಕ್ಕಟೆ ನಿಲುವಂಗಿ ಹೊಲಿದುಕೊಟ್ಟಿರಿ, ದೇವಾಲಯದ ಹೆಂಚಿಗೆ ದುಡ್ಡು ಕೊಟ್ಟಿರಿ, ವಿಧವೆಯರ ಬಟ್ಟೆಗೆ ಕೂಲಿ ತೆಗೆದುಕೊಳ್ಳಲಿಲ್ಲ" ಅಂತ ಒಂದೊಂದೇ ಎಣಿಸಿದೆ. ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಚರ್ಮ ಜಾಲರಿಯ ಹಾಗಾಗಿತ್ತು. ಆ ಬೆರಳನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. "ಅದೆಲ್ಲ ಸೇರಿಸಿದರೂ ಸಾಲಲ್ಲ ಅಯ್ಯನವರೇ" ಅಂದು ಗೋಡೆ ಕಡೆ ತಿರುಗಿದರು.

ಮನೆಗೆ ಬಂದು ರಾತ್ರಿಯೆಲ್ಲ ಯೋಚಿಸಿದೆ. ಅವರು ಲೆಕ್ಕದಿಂದ ಬಿಡಿಸು ಅಂತ ಕೇಳಿದ್ದರು. ನಾನು ಇನ್ನೊಂದು ಲೆಕ್ಕ ಕೊಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ, ಶಿಲುಬೆಯ ಮೇಲಿನ ಆ ಕಳ್ಳನ ಕಥೆಯಿರುವ ಲೂಕ 23 ಓದಿ ಹೇಳಬೇಕು ಅಂತ ಓಡಿದೆ. ಅಷ್ಟರಲ್ಲಿ ಅವರಿಗೆ ಪ್ರಜ್ಞೆ ತಪ್ಪಿತ್ತು. ಕಿವಿಯ ಹತ್ತಿರ ಓದಿದೆ. ಕೇಳಿಸಿತೋ ಇಲ್ಲವೋ ತಿಳಿಯದು. ಎರಡು ದಿನಕ್ಕೆ ಹೋಗಿಬಿಟ್ಟರು.

ಅದಕ್ಕೇ ಅಮ್ಮಾ, ನಿಮ್ಮ ಸ್ತ್ರೀಯರ ಕೂಟದ ವರ್ಷಗಳನ್ನು ನಾನು ಎಣಿಸುವುದಿಲ್ಲ. ನೀವು ಏನೂ ತೋರಿಸಬೇಕಾಗಿಲ್ಲ. ಬೆಳಿಗ್ಗೆ ಆ ಹುಡುಗಿ ಗಂಜಿ ಆರಿಸಿ, ಚಮಚ ತುಟಿಯ ಹತ್ತಿರ ತಂದಾಗ ನೀವು ಏನು ಮಾಡುತ್ತೀರಿ? ಬಾಯಿ ತೆರೆಯುತ್ತೀರಿ. ಅದನ್ನು ಯಾರಾದರೂ ದುಡಿಮೆ ಅನ್ನುತ್ತಾರಾ? ಅದಕ್ಕೆ ಗಂಜಿ ಕೂಲಿಯಾ? ಪೌಲನು ನಂಬಿಕೆ ಅಂದದ್ದು ಅಷ್ಟನ್ನೇ. ಎಂಬತ್ತು ವರ್ಷ ಬೇರೆಯವರಿಗೆ ಉಣಿಸಿದವರಿಗೆ ಉಣಿಸಿಕೊಳ್ಳುವುದು ಕಷ್ಟ, ನನಗೆ ಗೊತ್ತು. ಲೂಥರ್ 1546ರ ಫೆಬ್ರವರಿ 18ರಂದು ತೀರಿಕೊಂಡರು. ಅಷ್ಟು ಪುಸ್ತಕ ಬರೆದ, ಬೈಬಲ್ ಅನುವಾದ ಮಾಡಿದ ಮನುಷ್ಯ ಕೊನೆಗೆ ಬರೆದಿಟ್ಟ ಚೀಟಿಯ ಕೊನೆಯ ಮಾತು ಇದು: ನಾವು ಭಿಕ್ಷುಕರು, ಇದು ನಿಜ.

ರಾತ್ರಿ ಭಯವಾದರೆ ಆ ಕಳ್ಳನ ಒಂದು ಮಾತು ಸಾಕು. ಯೇಸುವೇ, ನನ್ನನ್ನು ನೆನಪು ಮಾಡಿಕೋ. ಅವನ ಕೈಯಲ್ಲೂ ಏನೂ ಇರಲಿಲ್ಲ.

ಇದನ್ನು ಓದಿ ಹೇಳುತ್ತಿರುವ ಮಗಳೇ, ನೀನು ಈ ಸಾಲನ್ನು ಬಿಟ್ಟು ಓದಬೇಡ. ಹಸಿದಿದ್ದೆ, ಊಟ ಕೊಟ್ಟಿರಿ, ರೋಗಿಯಾಗಿದ್ದೆ, ನೋಡಿಕೊಂಡಿರಿ ಅಂತ ಅರಸನು ಹೇಳಿದ್ದು ನಿನ್ನಂಥವರಿಗೆ. ತಿಂಗಳ ಸಂಬಳ ಸರಿಯಾಗಿ ಕೊಡುತ್ತಿದ್ದಾರಾ? ಇಲ್ಲದಿದ್ದರೆ ನನಗೆ ಬೇರೆ ಕಾಗದ ಬರಿ, ಮನೆಯವರ ಹತ್ತಿರ ನಾನು ಮಾತಾಡುತ್ತೇನೆ.

ಅಮ್ಮಾ, ಕಾಗದದ ಹಿಂದೆ ವಿಳಾಸ ಇದೆ. ಪತ್ರಿಕೆ ನಿಮ್ಮ ಕೈಗೆ ಬಂದ ಮೇಲಿನ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇನೆ. ಕರ್ತನ ಭೋಜನ ತರುತ್ತೇನೆ. ರೊಟ್ಟಿ ನುಂಗಲು ಕಷ್ಟವಾದರೆ ದ್ರಾಕ್ಷಾರಸದಲ್ಲಿ ಅದ್ದಿ, ಆ ಹುಡುಗಿಯ ಚಮಚದಲ್ಲೇ ಕೊಡುತ್ತೇನೆ. ನೀವು ಬಾಯಿ ತೆರೆದರೆ ಸಾಕು.